ಎರಡು ನಾಯಿ, ಒಂದೇ ಬಾಗಿಲು

ನಮ್ಮ ಕರಿಯನಿಗೆ 7 ವರ್ಷ, ಆಮೇಲೆ ಬಂದ ಚುಕ್ಕಿಗೆ 2. ಜಗಳ ಹತ್ತುತ್ತಿದ್ದದ್ದು ಎರಡೇ ಕಡೆ: ಊಟದ ತಟ್ಟೆ, ಬಾಗಿಲ ಸಂದು. ತಟ್ಟೆಗಳನ್ನು ಬೇರೆ ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿದೆ. ಅರ್ಧ ರಗಳೆ ಅಲ್ಲೇ ಹೋಯಿತು.

ಗುರ್ರ್ ಅಂದರೆ ಬೈಯಬೇಡಿ, ಅದು ಎಚ್ಚರಿಕೆ. ನಾನು ಸುಮ್ನೆ ಗದರಿ ಗದರಿ ಕರಿಯ ಗುರುಗುಟ್ಟುವುದನ್ನೇ ಬಿಟ್ಟ. ಆಮೇಲೆ ಸೀದಾ ಕಚ್ಚಿದ! ತಪ್ಪು ನನ್ನದೇ ಅಲ್ವಾ? ಗುರುಗುಟ್ಟುವುದಕ್ಕೂ ಮೊದಲೇ ನಾಯಿಯ ಮೈ ಬಿಗಿಯಾಗುತ್ತದೆ, ಕಣ್ಣು ನೆಟ್ಟುಕೊಳ್ಳುತ್ತದೆ, ಬಾಯಿ ಮುಚ್ಚುತ್ತದೆ. ಆಗಲೇ ಹೆಸರು ಹಿಡಿದು ಕರೆಯಿರಿ, ಬಂದದ್ದಕ್ಕೆ ತಿನ್ನಲು ಏನಾದರೂ ಕೊಡಿ.

ಕಚ್ಚಾಟದ ನಡುವೆ ಕೈ ಹಾಕಬೇಡಿ. ಕುರ್ಚಿಯನ್ನೋ ದಪ್ಪ ರಟ್ಟನ್ನೋ ಅಡ್ಡ ಹಿಡಿಯಿರಿ.

ಸಿಡುಕು ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಪಶುವೈದ್ಯರಿಗೆ ತೋರಿಸಿ. ಕರಿಯನಿಗೆ ಸೊಂಟ ನೋಯುತ್ತಿತ್ತು, ಪಾಪ.