ಜಾವಾ ಲೂಪ್‌ನಿಂದ += ತೆಗೆಯುವುದು ಹೇಗೆ?

ಹತ್ತು ಸಾಲಿಗೆ ಚುರುಕಾಗಿದ್ದ ಪ್ರೋಗ್ರಾಂ ಹತ್ತು ಸಾವಿರ ಸಾಲು ಬಂದ ಕೂಡಲೇ ತೆವಳತೊಡಗಿದೆಯೇ? ಮೊದಲು ಲೂಪ್ (ಮತ್ತೆ ಮತ್ತೆ ಸುತ್ತುವ ಕೋಡ್) ಒಳಗೆ ಸ್ಟ್ರಿಂಗ್‌ಗೆ, ಅಂದರೆ ಪಠ್ಯಕ್ಕೆ, += (ಕೊನೆಗೆ ಜೋಡಿಸುವ ಚಿಹ್ನೆ) ಹಾಕಿದ್ದೀರಾ ನೋಡಿ. ಜಾವಾದಲ್ಲಿ ಒಮ್ಮೆ ಕಟ್ಟಿದ ಸ್ಟ್ರಿಂಗ್ ಬದಲಾಗದು. ಹಾಗಾಗಿ ಪ್ರತಿ ಸಲವೂ ಹಳೆಯದನ್ನೆಲ್ಲ ನಕಲು ಮಾಡಿಕೊಂಡೇ ಹೊಸದು ಹುಟ್ಟಬೇಕು. ತಲಾ 10 ಅಕ್ಷರದ 10,000 ತುಂಡು ಜೋಡಿಸಿದರೆ ಕೈಗೆ ಸಿಗುವುದು 1 ಲಕ್ಷ ಅಕ್ಷರ. ನಕಲಾಗುವುದು ಸುಮಾರು 50 ಕೋಟಿ. ಕನ್ನಡ ಪಠ್ಯಕ್ಕೆ ಹೊರೆ ಇನ್ನೂ ಹೆಚ್ಚು. ಜಾವಾ 9ರಿಂದ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಆದರೆ ಒಂದೇ ಒಂದು ಕನ್ನಡ ಅಕ್ಷರ ನುಸುಳಿದರೂ ಇಡೀ ಸ್ಟ್ರಿಂಗ್ ತಲಾ 2 ಬೈಟ್‌ಗೆ ಏರುತ್ತದೆ.

ಹಂತ 1: ಲೂಪ್ ಶುರುವಾಗುವ ಮೊದಲೇ ಒಂದು ಸ್ಟ್ರಿಂಗ್‌ಬಿಲ್ಡರ್ (StringBuilder, ಪಠ್ಯ ಸೇರಿಸುತ್ತ ಹೋಗಬಹುದಾದ ಡಬ್ಬಿ) ಮಾಡಿಕೊಳ್ಳಿ. ಒಳಗೆ ಅಪೆಂಡ್ (append, ಕೊನೆಗೆ ಸೇರಿಸುವ ಆಜ್ಞೆ) ಮಾತ್ರ ಇರಲಿ. ಅದನ್ನು ಸ್ಟ್ರಿಂಗ್ ಆಗಿಸುವ ಟುಸ್ಟ್ರಿಂಗ್ (toString) ಅನ್ನು ಲೂಪ್ ಮುಗಿದ ಮೇಲೆ ಒಮ್ಮೆ ಕರೆಯಿರಿ. ಒಳಗೆ ಕರೆದರೆ ಪ್ರತಿ ಸುತ್ತಿಗೂ ಮತ್ತೆ ಪೂರ್ತಿ ನಕಲು.

ಹಂತ 2: ಅಳತೆ ಗೊತ್ತಿದ್ದರೆ ಮೊದಲೇ ಹೇಳಿ. ಬಿಲ್ಡರ್ ತಾನಾಗಿ 16 ಅಕ್ಷರದ ಜಾಗದಿಂದ ಶುರುಮಾಡಿ, ತುಂಬಿದಾಗಲೆಲ್ಲ 34, 70, 142 ಎಂದು ಹಿಗ್ಗುತ್ತದೆ. 1 ಲಕ್ಷ ಮುಟ್ಟಲು 13 ಸಲ ಹಿಗ್ಗಬೇಕು. 1,00,000 ಎಂದು ಕೊಟ್ಟರೆ ಅಷ್ಟೂ ಉಳಿತಾಯ. ಕೊಡದಿದ್ದರೂ ಮುಳುಗುವುದೇನಿಲ್ಲ, ಒಟ್ಟು ನಕಲು ಕೆಲವೇ ಲಕ್ಷ. ಕನ್ನಡದಲ್ಲಿ ಅಂದಾಜು ಮಾಡುವಾಗ ಕಣ್ಣಳತೆ ನಂಬಬೇಡಿ: ‘ಕ್ಷ’ ನೋಡಲು ಒಂದು, ಜಾವಾದ ಲೆಕ್ಕಕ್ಕೆ ಮೂರು.

ಹಂತ 3: ಅಪೆಂಡ್‌ನ ಆವರಣದೊಳಗೆ + ಉಳಿದಿದೆಯೇ ಹುಡುಕಿ. ಇದ್ದರೆ ಸುಮ್ಮನೆ ಒಂದು ಮಧ್ಯಂತರ ಸ್ಟ್ರಿಂಗ್ ಹುಟ್ಟುತ್ತದೆ. ಎರಡು ಅಪೆಂಡ್‌ಗಳಾಗಿ ಒಡೆಯಿರಿ. ಒಂಟಿ ಉದ್ಧರಣ ಚಿಹ್ನೆಯ ಅಕ್ಷರಗಳಲ್ಲಂತೂ ಉತ್ತರವೇ ತಪ್ಪುತ್ತದೆ. ':' + '-' ಬರೆದರೆ ಸಿಗುವುದು 103, ಎರಡರ ಸಂಖ್ಯಾ ಕೋಡ್‌ಗಳ ಮೊತ್ತ! ಬಿಲ್ಡರ್ ಮಾಡುವಾಗ ',' ಕೊಟ್ಟರೂ ಅಲ್ಪವಿರಾಮ ಮಾಯ; ಅದು 44 ಅಕ್ಷರದ ಜಾಗ ಕೇಳಿದಂತೆ.

ನಡುವೆ ಅಲ್ಪವಿರಾಮ ಹಾಕಿ ಪಟ್ಟಿ ಕಟ್ಟುವುದಷ್ಟೇ ಕೆಲಸವಾದರೆ ಇಷ್ಟೆಲ್ಲ ಬೇಡ. ಜಾವಾ 8ರಿಂದ ಇರುವ ಸ್ಟ್ರಿಂಗ್.ಜಾಯಿನ್ (String.join) ಸಾಕು.

ಲೂಪ್ ಹೊರಗಿನ ಒಂದೇ ಸಾಲಿನ + ಗಳನ್ನು ಮುಟ್ಟಬೇಡಿ. ಸ್ಥಿರ ಪಠ್ಯಗಳನ್ನು ಕಂಪೈಲರೇ (ಕೋಡ್ ಅನುವಾದಿಸುವ ಪ್ರೋಗ್ರಾಂ) ಬೆಸೆಯುತ್ತದೆ, ಉಳಿದವನ್ನೂ ಜಾವಾ ಚೆನ್ನಾಗಿಯೇ ನಿಭಾಯಿಸುತ್ತದೆ. ಅಲ್ಲಿ ಬಿಲ್ಡರ್ ತುರುಕಿದರೆ ಕೋಡ್ ಓದಲು ಕಷ್ಟವಾಗುವುದಷ್ಟೇ ಲಾಭ. ಒಂದೇ ಥ್ರೆಡ್‌ನ (ಪ್ರೋಗ್ರಾಂ ಒಳಗೆ ಸಾಗುವ ಒಂದು ಕೆಲಸದ ಸರಣಿ) ಕೆಲಸಕ್ಕೆ, ಬಿಲ್ಡರ್‌ನಂಥದೇ ಹಳೆಯ ಸ್ಟ್ರಿಂಗ್‌ಬಫರ್ (StringBuffer) ಕೂಡ ಬೇಡ. ಅದು ಬೇರೆ ಥ್ರೆಡ್ ನಡುವೆ ಕೈ ಹಾಕದಂತೆ ಪ್ರತಿ ಅಪೆಂಡ್‌ಗೂ ಬೀಗ ಹಾಕಿ ತೆಗೆಯುತ್ತದೆ.

ವೇಗ ಅಳೆಯಲು ಜೆಎಂಎಚ್ (JMH, ಜಾವಾ ಕೋಡ್‌ನ ವೇಗ ಅಳೆಯುವ ಸಾಧನ) ಬಳಸಿ. ಏಕೆಂದರೆ ಮೊದಲ ಕೆಲವು ಸುತ್ತುಗಳಲ್ಲಿ ಜೆವಿಎಂ (ಜಾವಾ ಕೋಡ್ ಓಡಿಸುವ ಯಂತ್ರಾಂಶ ರೂಪದ ಪ್ರೋಗ್ರಾಂ) ಇನ್ನೂ ಬಿಸಿಯಾಗಿ ಪೂರ್ಣ ವೇಗಕ್ಕೆ ಬಂದಿರುವುದಿಲ್ಲ. ತುಂಡುಗಳನ್ನು 10,000ದಿಂದ 20,000ಕ್ಕೆ ಏರಿಸಿ. ಸಮಯ ನಾಲ್ಕು ಪಟ್ಟಿನ ಹತ್ತಿರ ಹೋದರೆ ಎಲ್ಲೋ ಒಂದು += ಇನ್ನೂ ಉಳಿದಿರಬಹುದು. ಎರಡು ಪಟ್ಟಷ್ಟೇ ಆದರೆ ನಿಧಾನಕ್ಕೆ ಕಾರಣ ಬೇರೆ ಕಡೆ ಇದೆ: ಡೇಟಾಬೇಸ್, ಕಡತ ಓದುವ ಭಾಗಗಳನ್ನು ನೋಡಿ.