ಬ್ಯಾಡ್ಜಿನ ಬೆನ್ನು ತಿರುಗಿಸಿ ನೋಡಿ

ಪುಣೆಗೆ ಬಂದ ಹೊಸದರಲ್ಲಿ ಪ್ರತಿ ಭಾನುವಾರ 'ಮಂಗಳವಾರ ಪೇಟೆ' ಅನ್ನೋ ಬಡಾವಣೆಯ ಜುನಾ ಬಾಜಾರಿಗೆ, ಅಂದರೆ ಹಳೇ ಸಾಮಾನಿನ ಸಂತೆಗೆ, ಹೋಗುತ್ತಿದ್ದೆ. ತುಕ್ಕು ಹಿಡಿದ ಬೀಗ, ಹಳೇ ನಾಣ್ಯ, ಕೆಟ್ಟ ರೇಡಿಯೋಗಳ ನಡುವೆ ಒಂದು ದಿನ ಹಿತ್ತಾಳೆಯ ಟೋಪಿ ಬ್ಯಾಡ್ಜ್ ಸಿಕ್ಕಿತು. ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್‌ನದು, ಅಂದರೆ ಸೈನ್ಯಕ್ಕೆ ರೇಷನ್, ಸಾಮಾನು ಮುಟ್ಟಿಸುತ್ತಿದ್ದ ದಳದ್ದು. ಎರಡನೇ ಮಹಾಯುದ್ಧದ್ದು ಅಂದರು. ಚೌಕಾಸಿ ಮಾಡದೆ ಕೊಂಡೆ.

ಅದು ನಕಲಿ. ಗೊತ್ತಾಗಿದ್ದು ಕಿರೀಟದಿಂದ. 1901ರಿಂದ 1952ರವರೆಗಿನ ಬ್ಯಾಡ್ಜುಗಳಲ್ಲಿ ಬ್ರಿಟಿಷ್ ರಾಜನ ಕಿರೀಟದ ಮೇಲ್ಭಾಗ ಗುಮ್ಮಟದ ಹಾಗೆ ಉಬ್ಬಿರುತ್ತದೆ. ಎಲಿಜಬೆತ್ ರಾಣಿಯ ಕಾಲದ್ದು ನಡುವೆ ತಗ್ಗಾಗಿರುತ್ತದೆ. ನನ್ನದರಲ್ಲಿ ತಗ್ಗಿತ್ತು. ಆದರೆ ರಾಣಿ ಪಟ್ಟಕ್ಕೆ ಬರುವ ಮೊದಲೇ, 1950ರಲ್ಲಿ ನಾವು ಗಣರಾಜ್ಯವಾದೆವು. ನಮ್ಮ ಬ್ಯಾಡ್ಜುಗಳಿಂದ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು. ವಿಕ್ಟೋರಿಯಾ ಕಾಲದ ಕಿರೀಟವೂ ತಗ್ಗಾಗಿತ್ತು ನಿಜ, ಆದರೆ ಈ ದಳದ ಹೆಸರಿಗೆ 'ರಾಯಲ್' ಸೇರಿದ್ದೇ 1935ರಲ್ಲಿ. ಅಂಥ ಬ್ಯಾಡ್ಜ್ ಇರೋಕೇ ಸಾಧ್ಯವಿಲ್ಲ, ಅಲ್ವಾ?

ಈಗ ಮೊದಲು ಬೆನ್ನು ತಿರುಗಿಸುತ್ತೇನೆ. ಅಚ್ಚಿನಲ್ಲಿ ಒತ್ತಿದ್ದಾದರೆ ಮುಂದಿನ ಉಬ್ಬು ಹಿಂದೆ ತಗ್ಗಾಗಿ ಕಾಣುತ್ತದೆ. ಎರಕದ್ದರಲ್ಲಿ ಗೆರೆ ಮೊಂಡು, ಮೈಯೆಲ್ಲ ಸಣ್ಣ ಗುಳಿ. ಹಾಗಂತ ಎರಕದ್ದೆಲ್ಲ ನಕಲಿ ಅಂತ ಬಿಸಾಡಬೇಡಿ. ಯುದ್ಧಕಾಲದಲ್ಲಿ ನಮ್ಮಲ್ಲೇ ಎರಕ ಹೊಯ್ದ ಅಸಲಿ ಬ್ಯಾಡ್ಜುಗಳೂ ಇವೆ. ಅದಕ್ಕೇ ಹಿಂದಿನ ಕೊಂಡಿಗಳನ್ನೂ ನೋಡಬೇಕು. ಬೆಸುಗೆ ಹೊಸದಾಗಿ ಹೊಳೆಯುತ್ತಿದ್ದು, ಪಿನ್ನು ತೂರಿಸಿ ಸವೆದ ಗುರುತೇ ಇಲ್ಲದಿದ್ದರೆ ನಾನು ಕೈಬಿಡುತ್ತೇನೆ.

ಮನೆಗೆ ತಂದ ಮೇಲೆ ಬ್ರಾಸೋ ಪಾಲಿಶ್ ಹಾಕಿ ಉಜ್ಜಬೇಡಿ, ದಯವಿಟ್ಟು. ಸಿಪಾಯಿ ದಿನಾ ಉಜ್ಜಿ ಸವೆಸಿದ ಗುರುತೂ ಅದರ ಜೊತೆ ಹೋಗುತ್ತದೆ. ಪುಣೆಯ ಮಳೆಗಾಲದಲ್ಲಿ ಹಸಿರು ಕಿಲುಬು ಬೇಗ ಹಿಡಿಯುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಸಾಕು.

ನಾನು ನೋಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನನ್ನ ಬಳಿ ಇಲ್ಲ. ಪುಣೆಯ ಖಡಕಿಯಲ್ಲಿ ನಮ್ಮ ಪಕ್ಕದ ಮನೆಗೆ, ಮಗಳ ಹತ್ತಿರ ಇರಲು ಬೆಳಗಾವಿಯಿಂದ ಒಬ್ಬ ಅಜ್ಜಿ ಬಂದರು. ನನ್ನ ಹುಚ್ಚು ಗೊತ್ತಾಗಿ ಒಂದು ಡಬ್ಬಿ ತಂದು ಬಿಚ್ಚಿದರು. "ನಮ್ಮ ಮಾವನವರದು, ತಮ್ಮಾ. ಇಟಲಿಗೆ ಹೋಗಿದ್ರಂತ." ಒಳಗೆ ಕೆಂಪು ಬಟ್ಟೆಯ ಮೇಲೆ ಹಳದಿ ಕ್ಲೋವರ್ ಎಲೆಗಳು. ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಹೋರಾಡಿದ 8ನೇ ಇಂಡಿಯನ್ ಡಿವಿಜನ್ನಿನ ಗುರುತು! ಜೊತೆಗಿದ್ದ ಬಿಡುಗಡೆ ಕಾಗದದಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ 1ನೇ ಬೆಟಾಲಿಯನ್ ಅಂತಿತ್ತು. 1945ರ ಏಪ್ರಿಲ್ 9ರಂದು ಇಟಲಿಯ ಸೆನಿಯೋ ನದಿಯ ಹತ್ತಿರ ಹೋರಾಡಿ, ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ನಾಮದೇವ ಜಾಧವ್ ಇದೇ ಬೆಟಾಲಿಯನ್ನಿನವರು. ಅಜ್ಜಿಗೆ ಹೇಳಿದೆ. ಅವರು ಸುಮ್ನೆ ಬಟ್ಟೆಯನ್ನು ಸವರುತ್ತಾ ಕೂತರು.

ಇಟ್ಟುಕೋ ಅಂದರು. ನಾನು ಫೋಟೋ ತೆಗೆದು, ಅವರಿಗೆ ನೆನಪಿದ್ದದ್ದನ್ನೆಲ್ಲ ಬರೆದುಕೊಂಡು, ಮೊಮ್ಮಗನ ಹೆಸರು ಬರೆದ ಚೀಟಿಯ ಜೊತೆ ವಾಪಸ್ ಕೊಟ್ಟೆ. ಬಟ್ಟೆಯ ಅಂಚಿನಲ್ಲಿ ಅಂಗಿಗೆ ಹೊಲಿದಿದ್ದ ಕಪ್ಪು ದಾರ ಇನ್ನೂ ಇದೆ. ಅದನ್ನು ಕೀಳಬೇಡಿ ಅಂತ ಮಾತ್ರ ಕೇಳಿಕೊಂಡೆ.