ಕ್ಯಾಲಿಪರ್ ಬದಲಿಸಿದ ಮೇಲೆ ಬ್ರೇಕ್ ಲೈನಿನ ಗಾಳಿ ತೆಗೆಯುವುದು

ಬರೀ ಪ್ಯಾಡ್ ಬದಲಿಸಿದ್ದರೆ ಗಾಳಿ ತೆಗೆಯುವ ಕೆಲಸ ಬೇಕಿಲ್ಲ. ಪೆಡಲ್ ಗಟ್ಟಿಯಾಗುವ ತನಕ ನಾಲ್ಕಾರು ಸಲ ಒತ್ತಿ, ಆಮೇಲೆ ಗಾಡಿ ತೆಗೆದರಾಯಿತು. ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ), ಹೋಸ್, ವೀಲ್ ಸಿಲಿಂಡರ್ (ಡ್ರಮ್ಮಿನೊಳಗೆ ಬ್ರೇಕ್ ಶೂ ತಳ್ಳುವ ಭಾಗ), ಮಾಸ್ಟರ್ ಸಿಲಿಂಡರ್ (ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ ಭಾಗ) ಬಿಚ್ಚಿದ್ದರೆ ಮಾತ್ರ ಲೈನಿನೊಳಗೆ ಗಾಳಿ ಹೊಕ್ಕಿದೆ ಎಂದೇ ತಿಳಿಯಿರಿ. ಬ್ರೇಕ್ ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಗಾಳಿಯನ್ನು ಹಿಸುಕುವುದಕ್ಕೇ ಹೋಗಿ, ಪೆಡಲ್ ಮೆತ್ತಗಾಗುತ್ತದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ನಮ್ಮ ಸಾಮಾನ್ಯ ಸಣ್ಣ ಕಾರುಗಳಿಗೆ ಹೊಂದುವ ಕ್ರಮ ಇದು.

ಯಾವ ಆಯಿಲ್ ಎಂಬುದು ರಿಸರ್ವಾಯರ್ (ಬ್ರೇಕ್ ಆಯಿಲ್ ತುಂಬುವ ಡಬ್ಬಿ) ಮುಚ್ಚಳದ ಮೇಲೇ ಇರುತ್ತದೆ: ಡಾಟ್ 3 ಅಥವಾ ಡಾಟ್ 4. ಡಾಟ್ 5 ಸಿಲಿಕಾನಿನದು, ಇವುಗಳ ಜೊತೆ ಬೆರೆಸುವಂತಿಲ್ಲ. ಒಂದೆರಡು ಚಕ್ರಕ್ಕೆ ಅರ್ಧ ಲೀಟರ್ ಸಾಕು, ಪೂರ್ತಿ ಹಳೇ ಆಯಿಲ್ ತೆಗೆಯುವುದಾದರೆ 1 ಲೀಟರ್ ತನ್ನಿ. ಸೀಲ್ ಒಡೆಯದ ಡಬ್ಬಿಯೇ ಆಗಬೇಕು, ಏಕೆಂದರೆ ಈ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಹಿಡಿದದ್ದಕ್ಕೆ ಇರುವ ಮಿತಿ 155 ಡಿಗ್ರಿ ಅಷ್ಟೆ. ಚಾರ್ಮಾಡಿ, ಆಗುಂಬೆಯಂಥ ಘಾಟಿಯಲ್ಲಿ ಒಂದೇ ಸಮನೆ ಬ್ರೇಕ್ ಒತ್ತಿ ಇಳಿಯುವಾಗ ಆಯಿಲ್ ಕುದ್ದರೆ ಆವಿಯ ಗುಳ್ಳೆಯಾಗಿ ಪೆಡಲ್ ನೆಲಕ್ಕೆ ಕೂರುತ್ತದೆ. ಉಳಿದ ಅರ್ಧ ಡಬ್ಬಿಯನ್ನು ಮುಂದಿನ ವರ್ಷಕ್ಕೆಂದು ಎತ್ತಿಡಬೇಡಿ. ಪೇಂಟಿನ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿದು ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ.

ಇನ್ನು ಬೇಕಾದದ್ದು ನಿಪ್ಪಲ್‌ಗೆ (ಪ್ರತಿ ಚಕ್ರದ ಬ್ರೇಕಿನಲ್ಲಿ ಗಾಳಿ ಹೊರಬಿಡಲು ಇರುವ ಸಣ್ಣ ಸ್ಕ್ರೂ) ಸರಿಹೊಂದುವ ರಿಂಗ್ ಸ್ಪ್ಯಾನರ್ (ಸಾಮಾನ್ಯವಾಗಿ 8 ಅಥವಾ 10 ಎಂ.ಎಂ.), ಬಿಗಿಯಾಗಿ ಕೂರುವ ಪಾರದರ್ಶಕ ಪೈಪ್, ಒಂದು ಬಾಟಲಿ, ಒಬ್ಬ ಸಹಾಯಕ. ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆಗಳು ಉರುಟಾಗುತ್ತವೆ. ತುಕ್ಕು ಹಿಡಿದ ನಿಪ್ಪಲ್‌ಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬಲ ಹಾಕಿ ತಿರುಗಿಸಿದರೆ ಮುರಿದು ಒಳಗೇ ಉಳಿಯುತ್ತದೆ. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ನೆಲದ ಮೇಲಿರುವ ಚಕ್ರಗಳಿಗೆ ಅಡೆ ಕೊಡಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ.

ಶುರು ಮಾಡುವ ಮೊದಲು ಹಿಂದಿನ ಡ್ರಮ್ ಸ್ವಸ್ಥಾನದಲ್ಲಿರಲಿ, ಕ್ಯಾಲಿಪರಿನಲ್ಲಿ ಪ್ಯಾಡ್ ಕೂತಿರಲಿ. ಡ್ರಮ್ ಬಿಚ್ಚಿಟ್ಟು ಪೆಡಲ್ ಒತ್ತಿದರೆ ವೀಲ್ ಸಿಲಿಂಡರಿನ ಪಿಸ್ಟನ್‌ಗಳೇ ಹೊರಗೆ ಬೀಳುತ್ತವೆ. ಎಂಜಿನ್ ಆಫ್ ಮಾಡಿ, ಪೆಡಲನ್ನು ಕೆಲವು ಸಲ ಒತ್ತಿ ಬೂಸ್ಟರಿನ (ಕಾಲಿನ ಬಲಕ್ಕೆ ನೆರವಾಗುವ ಭಾಗ) ವ್ಯಾಕ್ಯೂಮ್ ಕಳೆಯಿರಿ.

ಕ್ರಮ ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಹತ್ತಿರದ್ದಕ್ಕೆ. ಬಲಗಡೆ ಸ್ಟಿಯರಿಂಗ್ ಇರುವ ನಮ್ಮ ಗಾಡಿಗಳಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಒಂದೇ ಕ್ಯಾಲಿಪರ್ ಬದಲಿಸಿದ್ದು, ರಿಸರ್ವಾಯರ್ ಬರಿದಾಗಿಲ್ಲ ಎಂದರೆ ಆ ಚಕ್ರ ಮಾತ್ರ ಸಾಕಾಗುತ್ತದೆ.

ಪೈಪಿನ ಒಂದು ತುದಿ ನಿಪ್ಪಲ್‌ಗೆ, ಇನ್ನೊಂದು ತುದಿ ಬಾಟಲಿಯಲ್ಲಿ ಒಂದಿಂಚು ಹೊಸ ಆಯಿಲಿನೊಳಗೆ ಮುಳುಗಿರಲಿ. ಸಹಾಯಕ ನಿಧಾನವಾಗಿ ಮೂರು ಸಲ ಒತ್ತಿ, ಕೊನೆಯದನ್ನು ಹಿಡಿದುಕೊಂಡು "ಹಿಡಿದೆ" ಅನ್ನಲಿ. ನಿಪ್ಪಲ್ ಕಾಲು ಸುತ್ತು ಸಡಿಲಿಸಿ. ಆಯಿಲ್ ಗುಳ್ಳೆ ಸಮೇತ ಹರಿಯುತ್ತದೆ, ಪೆಡಲ್ ಇಳಿಯುತ್ತದೆ. ಹರಿವು ನಿಲ್ಲುವ ಮುಂಚೆಯೇ ನಿಪ್ಪಲ್ ಮುಚ್ಚಿ, ಆಮೇಲಷ್ಟೇ "ಬಿಡಿ" ಅನ್ನಿ. ಇಡೀ ಕೆಲಸ ನಿಂತಿರುವುದು ಈ ಕ್ಷಣದ ಮೇಲೆ: ನಿಪ್ಪಲ್ ತೆರೆದಿರುವಾಗಲೇ ಪೆಡಲ್ ಮೇಲೆ ಬಂದರೆ, ತೆಗೆದಷ್ಟೇ ಗಾಳಿ ಥ್ರೆಡ್ಡಿನ ಸಂದಿಯಿಂದ ಮತ್ತೆ ಒಳಗೆ ಹೋಗುತ್ತದೆ. ಹಳೇ ಗಾಡಿಯಾದರೆ ಪೆಡಲಿನ ಕೆಳಗೆ ಒಂದು ಮರದ ತುಂಡಿಡಿ. ಪೆಡಲ್ ಪೂರ್ತಿ ಕೆಳಗಿಳಿದು, ದಿನನಿತ್ಯ ಮುಟ್ಟದ ತುಕ್ಕು ಜಾಗಕ್ಕೆ ಮಾಸ್ಟರ್ ಸಿಲಿಂಡರಿನ ಸೀಲ್ ಉಜ್ಜಿದರೆ ಸೀಲ್ ಕಿತ್ತುಹೋಗಬಹುದು.

ಹೀಗೇ ಮತ್ತೆ ಮತ್ತೆ ಮಾಡುತ್ತಾ, ಐದಾರು ಸಲಕ್ಕೊಮ್ಮೆ ರಿಸರ್ವಾಯರ್ ನೋಡಿ ತುಂಬಿಸಿ, ಮಿನ್ ಗೆರೆಗಿಂತ ಕೆಳಗೆ ಬಿಡಬೇಡಿ. ಬರಿದಾದರೆ ಮೊದಲಿನಿಂದ ಶುರು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಯೂನಿಟ್ಟಿನೊಳಗೆ ಗಾಳಿ ಹೊಕ್ಕರೆ ಅದರ ವಾಲ್ವ್ ತೆರೆಸಲು ಸ್ಕ್ಯಾನರ್ ಬೇಕಾಗಬಹುದು, ಆಗ ಗ್ಯಾರೇಜಿಗೇ ಹೋಗಬೇಕು. ಪೈಪಿನಲ್ಲಿ ಸೂಜಿಮೊನೆಯಷ್ಟು ಗುಳ್ಳೆಯೂ ಕಾಣದೆ ತಿಳಿ ಆಯಿಲ್ ಬಂದರೆ ಆ ಚಕ್ರ ಮುಗಿಯಿತು. ನಿಪ್ಪಲನ್ನು ಹದವಾಗಿ ಬಿಗಿದು, ರಬ್ಬರ್ ಟೋಪಿ ಹಾಕಿ.

ಎಷ್ಟು ತೆಗೆದರೂ ಪೆಡಲ್ ಮೆತ್ತಗೇ ಇದೆಯೇ? ಮೊದಲು ನಿಪ್ಪಲ್ ಎಲ್ಲಿದೆ ನೋಡಿ. ಎಡಬಲದ ಕ್ಯಾಲಿಪರ್ ಅದಲುಬದಲಾಗಿದ್ದರೆ ನಿಪ್ಪಲ್ ಕೆಳಗಡೆ ಬರುತ್ತದೆ, ಗಾಳಿ ಮೇಲೆಯೇ ಉಳಿಯುತ್ತದೆ. ಲೀಟರ್‌ಗಟ್ಟಲೆ ಆಯಿಲ್ ಸುರಿದರೂ ಹೋಗದು. ಹೋಸ್ ಬೋಲ್ಟಿನ ತಾಮ್ರದ ವಾಷರ್ ಹೊಸದೇ ಹಾಕಿದ್ದೀರಾ? ಹಳೆಯದು ಜಿನುಗಬಹುದು. ಪೆಡಲ್ ಗಟ್ಟಿಯಾಗಿದ್ದೂ ತುಂಬಾ ಕೆಳಗೆ ಹಿಡಿಯುತ್ತಿದ್ದರೆ ಅದು ಬಹುಪಾಲು ಗಾಳಿಯಲ್ಲ, ಹಿಂದಿನ ಬ್ರೇಕ್ ಶೂ ಸಡಿಲವಾಗಿದೆ, ಅಡ್ಜಸ್ಟ್ ಮಾಡಿ. ಅರ್ಧ ನಿಮಿಷ ಒತ್ತಿ ಹಿಡಿದಾಗ ಪೆಡಲ್ ಮೆಲ್ಲಗೆ ಜಾರುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ; ಹೊರಗೆ ಒದ್ದೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಸೀಲ್ ಅನುಮಾನಿಸಿ.

ಕೊನೆಗೆ ಪೆಡಲ್ ಒತ್ತಿಹಿಡಿದು ಎಂಜಿನ್ ಸ್ಟಾರ್ಟ್ ಮಾಡಿ. ಬೂಸ್ಟರ್ ಕೆಲಸ ಶುರುವಾಗಿ ಪೆಡಲ್ ಸ್ವಲ್ಪ ಇಳಿದು ನಿಲ್ಲಬೇಕು. ಅದು ಸರಿಯಿದ್ದರೆ ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ನಾಲ್ಕು ಸಲ ನಿಲ್ಲಿಸಿ ನೋಡಿ, ಇಳಿದು ಪ್ರತಿ ನಿಪ್ಪಲ್ಲಿನ ಸುತ್ತ ಒಣ ಬಟ್ಟೆ ಒತ್ತಿ ಪರೀಕ್ಷಿಸಿ. ಒದ್ದೆಯಿದ್ದರೆ ರಸ್ತೆಗಿಳಿಸಬೇಡಿ.